ಬಂಡೆ ಹತ್ತಲು ಬೇಕಾಗಿರುವುದು ಮಾತು ಕೇಳುವ ಗಾಡಿ

ಪ್ರಶ್ನೆ: ನಾನು ತಳಿ ಹತ್ತಿರದ ಹಳ್ಳಿಯವನು. ಐಟಿಐ ಮುಗಿಸಿ ಹೊಸೂರಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ಅಪ್ಪನ ಹಳೆಯ ಸುಜುಕಿ ಸಮುರಾಯ್ ಮನೆಯಲ್ಲಿದೆ. ಮೊಬೈಲ್‌ನಲ್ಲಿ ಟ್ರಯಲ್ಸ್ ಬೈಕ್ ವಿಡಿಯೊ ನೋಡಿದ ಮೇಲೆ ತಲೆಯಲ್ಲಿ ಅದೇ ತುಂಬಿಕೊಂಡಿದೆ. ಸೀಟೇ ಇಲ್ಲದ ಗಾಡಿ ಆಳೆತ್ತರದ ಬಂಡೆಯನ್ನು ನಿಂತಲ್ಲಿಂದಲೇ ಹತ್ತುತ್ತದೆ. ಅದರಲ್ಲಿ ಅಂಥ ತಂತ್ರಜ್ಞಾನ ಏನಿದೆ? ಎಂಜಿನ್ ಬೋರ್ ಮಾಡಿಸಿ ಪವರ್ ಜಾಸ್ತಿ ಮಾಡಿದರೆ ನಮ್ಮ ಗಾಡಿಯಲ್ಲೂ ಆಗುತ್ತಾ? ಎಲೆಕ್ಟ್ರಿಕ್ ಟ್ರಯಲ್ಸ್ ಗಾಡಿಯೂ ಬಂದಿದೆಯಂತೆ, ಅದು ಹೇಗೆ?

ಉತ್ತರ: ಮೊದಲು ಬೋರ್ ಮಾಡಿಸುವ, ಅಂದರೆ ಸಿಲಿಂಡರ್ ಕೊರೆದು ಅಗಲ ಮಾಡಿಸುವ ವಿಚಾರಕ್ಕೇ ಬರುತ್ತೇನೆ. ದಯವಿಟ್ಟು ಮಾಡಿಸಬೇಡಿ. ಬೋರ್ ಅಲ್ಲದಿದ್ದರೂ, ಪವರ್ ಹೆಚ್ಚಿಸುವ ಇಂಥದೇ ಕೆಲಸ ನಾನು ಮಾಡಿ ನೋಡಿದ್ದೇನೆ.

ನಾನು ಹೊಸೂರಿನಲ್ಲಿ ಟೂಲ್ ರೂಮ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಹತ್ತಿರವೂ ಒಂದು ನೂರು ಸಿಸಿ ಟೂ ಸ್ಟ್ರೋಕ್ ಗಾಡಿ ಇತ್ತು. ಭಾನುವಾರ ಬಂತೆಂದರೆ ನಾಲ್ಕೈದು ಜನ ಸೇರಿ ಕೆಲಮಂಗಲದ ಕಡೆ ಬೋಳು ಬಂಡೆಗಳ ಹತ್ತಿರ ಹೋಗುತ್ತಿದ್ದೆವು. ಗಾಡಿ ಅರ್ಧ ಬಂಡೆ ಹತ್ತಿ ಆಫ್ ಆಗುತ್ತಿತ್ತು. ಪವರ್ ಸಾಲದು ಅಂದುಕೊಂಡೆ. ಸಿಲಿಂಡರ್ ಬಿಚ್ಚಿ, ಸುಟ್ಟ ಗಾಳಿ ಹೊರಹೋಗುವ ಕಿಂಡಿಯನ್ನು, ಅಂದರೆ ಎಕ್ಸಾಸ್ಟ್ ಪೋರ್ಟ್ ಅನ್ನು ಅರದಲ್ಲಿ ಉಜ್ಜಿ ಎತ್ತರ ಮಾಡಿದೆ. ರೇಸ್ ಸೈಲೆನ್ಸರ್ ಹಾಕಿದೆ. ರಸ್ತೆಯಲ್ಲಿ ಗಾಡಿ ಬಾಣದ ಹಾಗೆ ಹೋಯಿತು. ಬಂಡೆಯ ಬುಡಕ್ಕೆ ಬಂದರೆ ಮೊದಲು ಹತ್ತುತ್ತಿದ್ದ ಅರ್ಧವೂ ಹತ್ತಲಿಲ್ಲ. ನಿಧಾನಕ್ಕೆ ಹೋದರೆ ಎಂಜಿನ್ ಮುಗ್ಗರಿಸುತ್ತಿತ್ತು. ಥ್ರಾಟಲ್ ತಿರುವಿದರೆ ಒಮ್ಮೆಲೇ ನುಗ್ಗಿ ಹಿಂದಿನ ಚಕ್ರ ಸುಮ್ನೆ ನಿಂತಲ್ಲೇ ತಿರುಗುತ್ತಿತ್ತು. ಮೂರನೇ ಸಲ ಗಾಡಿ ನನ್ನ ಮೇಲೇ ಬಿತ್ತು. ಎಡಗೈ ಮಣಿಕಟ್ಟು ಮುರಿಯಿತು.

ಯಾಕೆ ಹಾಗಾಯಿತು? ಟೂ ಸ್ಟ್ರೋಕ್‌ನಲ್ಲಿ ಎಕ್ಸಾಸ್ಟ್ ಪೋರ್ಟ್ ಎತ್ತರವಾದಷ್ಟೂ ಸುಟ್ಟ ಗಾಳಿ ಬೇಗ ಹೊರಗೆ ಹೋಗುತ್ತದೆ. ಪಿಸ್ಟನ್ ಕೆಳಗೆ ತಳ್ಳಿಸಿಕೊಳ್ಳುವ ಹಾದಿ ಅಷ್ಟು ಗಿಡ್ಡವಾಗುತ್ತದೆ. ಮೇಲೆ ಬರುವಾಗ ಅದುಮುವ ಹಾದಿಯೂ ಗಿಡ್ಡ. ಜಾಸ್ತಿ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಹೆಚ್ಚು ಸುತ್ತು ತಿರುಗುವಾಗ, ಇದು ಲಾಭ, ಕಡಿಮೆ ಆರ್‌ಪಿಎಂನಲ್ಲಿ ಪೂರಾ ನಷ್ಟ. ಬಂಡೆ ಹತ್ತುವ ಕೆಲಸ ನಡೆಯುವುದೆಲ್ಲ ಕಡಿಮೆ ಆರ್‌ಪಿಎಂನಲ್ಲೇ. ಮನುಷ್ಯ ನಡೆಯುವ ವೇಗ ಅಂತ ಇಟ್ಟುಕೊಳ್ಳಿ. ಆ ವೇಗದಲ್ಲಿ ಎಂಜಿನ್ ಸಾಯಬಾರದು, ನುಗ್ಗಲೂಬಾರದು. ಟ್ರಯಲ್ಸ್ ಗಾಡಿಯಲ್ಲಿ ಇಷ್ಟು ವರ್ಷ ಬಂದ ಹೊಸತನಗಳನ್ನೆಲ್ಲ ಒಂದೊಂದಾಗಿ ನೋಡಿದರೆ, ವೇಗ ಹೆಚ್ಚಿಸಲು ಬಂದದ್ದು ಒಂದೂ ಇಲ್ಲ. ಎಲ್ಲವೂ ಸವಾರನ ಕಾಲು ನೆಲ ಮುಟ್ಟದಿರಲಿ ಎಂದು ಬಂದವು.

ಅದಕ್ಕೆ ಕಾರಣ ಆಟದ ನಿಯಮ. ಟ್ರಯಲ್ಸ್‌ನಲ್ಲಿ ಗಡಿಯಾರಕ್ಕಿಂತ ಕಾಲಿನ ಲೆಕ್ಕ ಮುಖ್ಯ. ಬಂಡೆ, ಹಳ್ಳ, ಬೇರು, ಕೆಸರು ಇರುವ ಚಿಕ್ಕ ಚಿಕ್ಕ ತುಂಡು ಜಾಗಗಳನ್ನು ಪಟ್ಟಿ ಕಟ್ಟಿ ಗುರುತು ಮಾಡಿರುತ್ತಾರೆ. ಅದಕ್ಕೆ ಸೆಕ್ಷನ್ ಎನ್ನುತ್ತಾರೆ. ಸೆಕ್ಷನ್ ಒಳಗೆ ಒಮ್ಮೆ ಕಾಲೂರಿದರೆ 1 ಅಂಕ, ಎರಡು ಸಲಕ್ಕೆ 2, ಅದಕ್ಕೂ ಜಾಸ್ತಿ ಎಷ್ಟೇ ಸಲ ಊರಿದರೂ 3. ಬಿದ್ದರೆ, ಗಡಿ ದಾಟಿದರೆ 5. ಇವು ದಂಡದ ಅಂಕಗಳು, ಯಾರಿಗೆ ಕಡಿಮೆಯೋ ಅವರು ಗೆದ್ದ ಹಾಗೆ. ಹೀಗಿರುವಾಗ ಗಂಟೆಗೆ 150 ಕಿ.ಮೀ. ಓಡುವ ಎಂಜಿನ್ ತಂದು ಏನು ಮಾಡುವುದು, ಅಲ್ವಾ?

ಸ್ಕಾಟ್ಲೆಂಡಿನಲ್ಲಿ ಈ ಥರದ ಸ್ಪರ್ಧೆ 1909ರಲ್ಲೇ ಶುರುವಾಯಿತು. ಮೊದಲು ಐದು ದಿನದ ಪಂದ್ಯ, ಆಮೇಲೆ ಆರು ದಿನದ್ದಾಯಿತು. ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಎಂಬ ಹೆಸರಿನಲ್ಲಿ ಇವತ್ತಿಗೂ ನಡೆಯುತ್ತದೆ. ಆ ಕಾಲದಲ್ಲಿ ಟ್ರಯಲ್ಸ್‌ಗೆಂದೇ ಬೇರೆ ಗಾಡಿ ಇರಲಿಲ್ಲ. ರಸ್ತೆಯ ಗಾಡಿಯನ್ನೇ ಸ್ವಲ್ಪ ಬದಲಾಯಿಸಿ ಓಡಿಸುತ್ತಿದ್ದರು. ಅಂದರೆ ನೀವು ಈಗ ಯೋಚಿಸುತ್ತಿರುವುದನ್ನೇ ಅವರೂ ಮಾಡುತ್ತಿದ್ದರು.

ಇಲ್ಲಿ ನಮಗೆ ಹತ್ತಿರದ ಒಂದು ಕತೆ ಇದೆ. ನಮ್ಮೂರ ರಸ್ತೆಗಳಲ್ಲಿ ಡಬ್ ಡಬ್ ಎನ್ನುವ ಬುಲೆಟ್ ಹುಟ್ಟಿದ್ದೇ ಇಂಥ ಸ್ಪರ್ಧೆಯ ಕಣದಲ್ಲಿ. 1948ರಲ್ಲಿ ರಾಯಲ್ ಎನ್‌ಫೀಲ್ಡ್‌ನವರು ಹಿಂದಿನ ಚಕ್ರಕ್ಕೆ ಸ್ವಿಂಗ್ ಆರ್ಮ್ (ಸ್ಪ್ರಿಂಗ್ ಜೊತೆ ಮೇಲೆ ಕೆಳಗೆ ಆಡುವ ತೋಳು) ಇರುವ ಬುಲೆಟ್ ಮಾದರಿಯನ್ನು ಮೊದಲು ತಂದದ್ದು ಟ್ರಯಲ್ಸ್ ಪಂದ್ಯಕ್ಕೆ. ಹಿಂದೆ ಸ್ಪ್ರಿಂಗ್ ಇದ್ದರೆ ಚಕ್ರದ ಹಿಡಿತ ತಪ್ಪುತ್ತದೆ ಎಂದು ಸವಾರರು ಬಲವಾಗಿ ನಂಬಿದ್ದ ಕಾಲ ಅದು. ಹಿಂದೆ ಸ್ಪ್ರಿಂಗೇ ಇಲ್ಲದ ಗಟ್ಟಿ ಫ್ರೇಮೇ ಒಳ್ಳೆಯದು ಎನ್ನುತ್ತಿದ್ದರು. ಆ ನಂಬಿಕೆ ತಪ್ಪು ಎಂದು ಬುಲೆಟ್ ತೋರಿಸಿತು. ಜಾನಿ ಬ್ರಿಟನ್ ಎಂಬ ಸವಾರ 1952 ಮತ್ತು 1957ರಲ್ಲಿ ರಾಯಲ್ ಎನ್‌ಫೀಲ್ಡ್ ಮೇಲೆಯೇ ಸ್ಕಾಟಿಷ್ ಟ್ರಯಲ್ ಗೆದ್ದರು. ಈ ನಡುವೆ 1955ರಲ್ಲಿ ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಶುರುವಾಗಿ ಬುಲೆಟ್ ನಮ್ಮ ಕಡೆಯೇ ಜೋಡಣೆಯಾಗತೊಡಗಿತು. 2019ರಲ್ಲಿ ಕಂಪನಿ ಬುಲೆಟ್ ಟ್ರಯಲ್ಸ್ ಎಂಬ ಹೆಸರಲ್ಲಿ ಒಂದು ಮಾದರಿ ಬಿಟ್ಟಿತ್ತು, ನೀವು ನೋಡಿರಬಹುದು. ಅದು ಆ ಹಳೆಯ ನೆನಪಿಗೆ ಮಾಡಿದ ರಸ್ತೆ ಗಾಡಿ, ಬಂಡೆ ಹತ್ತುವುದಕ್ಕಲ್ಲ.

ದೊಡ್ಡ ತಿರುವು ಬಂದದ್ದು 1965ರಲ್ಲಿ. ಸ್ಯಾಮಿ ಮಿಲ್ಲರ್ ಎಂಬ ಸವಾರ ಏರಿಯಲ್ ಕಂಪನಿಯ 500 ಸಿಸಿ ಫೋರ್ ಸ್ಟ್ರೋಕ್ ಗಾಡಿಯಲ್ಲಿ ಎಲ್ಲರನ್ನೂ ಸೋಲಿಸುತ್ತಿದ್ದರು. ಕಾರ್ಖಾನೆಯಿಂದ ಬಂದಾಗ ಆ ಗಾಡಿ ಸುಮಾರು 130 ಕೆ.ಜಿ. ಇತ್ತು. ಅವರು ಹಗುರ ಕೊಳವೆಯ ಫ್ರೇಮ್ ಮಾಡಿಸಿ, ಫೈಬರ್ ಗ್ಲಾಸ್ ಬಳಸಿ, ಒಂದೊಂದೇ ಭಾಗ ಕೆತ್ತಿ 110 ಕೆ.ಜಿ. ಆಸುಪಾಸಿಗೆ ತಂದಿದ್ದರು. ಅಲ್ಲಿಂದ ಮುಂದೆ ಇಳಿಸಲು ಏನೂ ಉಳಿದಿರಲಿಲ್ಲ. ಆಗ ಸ್ಪೇನಿನ ಬುಲ್ಟಾಕೊ ಕಂಪನಿ ಅವರನ್ನು ಕರೆಯಿತು. ಕಂಪನಿಯ ಒಡೆಯ ಫ್ರಾನ್ಸಿಸ್ಕೊ ಬುಲ್ಟೊ. ಮಿಲ್ಲರ್ ಅಲ್ಲಿ ಕೂತು 244 ಸಿಸಿಯ ಟೂ ಸ್ಟ್ರೋಕ್ ಗಾಡಿಯನ್ನು ತಿದ್ದಿ ತೀಡಿದರು. ಶೆರ್ಪಾ ಟಿ ಅಂತ ಅದರ ಹೆಸರು. ತೂಕ 90 ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. 1965ರಲ್ಲಿ ಅದೇ ಗಾಡಿಯಲ್ಲಿ ಸ್ಕಾಟಿಷ್ ಟ್ರಯಲ್ ಗೆದ್ದರು. ಬ್ರಿಟನ್ನಿನದಲ್ಲದ ಗಾಡಿ ಅದನ್ನು ಗೆದ್ದದ್ದು ಅದೇ ಮೊದಲು. ಎಂಜಿನ್ ಅರ್ಧಕ್ಕೆ ಇಳಿದಿತ್ತು, ಆದರೂ ಗಾಡಿ ಗೆದ್ದಿತು. ನಿಮ್ಮ ಬೋರ್ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ತೂಕದ ಲೆಕ್ಕವನ್ನು ಇನ್ನೊಂದು ರೀತಿಯಲ್ಲಿ ನೋಡಿ. ನಿಮ್ಮ ತೂಕ 65 ಕೆ.ಜಿ. ಎಂದಿಟ್ಟುಕೊಳ್ಳೋಣ. ಗಾಡಿ 130 ಕೆ.ಜಿ. ಇದ್ದರೆ ನೀವು ಎಷ್ಟು ಬಾಗಿದರೂ ಗಾಡಿಯೇ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಇವತ್ತಿನ ಒಳ್ಳೆಯ ಟ್ರಯಲ್ಸ್ ಗಾಡಿ 65ರಿಂದ 75 ಕೆ.ಜಿ. ಮಾತ್ರ. ಅಂದರೆ ಸವಾರನಷ್ಟೇ ಭಾರ. ಆಗ ನೀವು ಮೊಣಕಾಲು ಬಗ್ಗಿಸಿ ಮೇಲೆದ್ದರೆ ಗಾಡಿಯೂ ನಿಮ್ಮ ಜೊತೆ ಮೇಲೇಳುತ್ತದೆ. ನೀವು ಪಕ್ಕಕ್ಕೆ ವಾಲಿದರೆ ಅದು ಇನ್ನೊಂದು ಪಕ್ಕಕ್ಕೆ ವಾಲಿ ಸಮತೋಲ ಕೊಡುತ್ತದೆ. ವಿಡಿಯೊದಲ್ಲಿ ಗಾಡಿ ನಿಂತಲ್ಲೇ ಕುಪ್ಪಳಿಸುವುದನ್ನು ನೋಡಿದ್ದೀರಲ್ಲ, ಅದರ ಅರ್ಧ ಗುಟ್ಟು ಈ ತೂಕದಲ್ಲಿದೆ. ಸೀಟ್ ಇಲ್ಲದಿರುವುದೂ ಇದಕ್ಕೇ. ಸೆಕ್ಷನ್‌ನಲ್ಲಿ ಯಾರೂ ಕೂರುವುದಿಲ್ಲ, ಮತ್ತೆ ಅದರ ಭಾರ ಯಾಕೆ? ಪೆಟ್ರೋಲ್ ಟ್ಯಾಂಕ್ ಕೂಡ ಎರಡು, ಎರಡೂವರೆ ಲೀಟರಿನದು. ಹೊಟ್ಟೆಯ ಕೆಳಗೆ ಒಂದು ಅಡಿಗೂ ಜಾಸ್ತಿ ಜಾಗ, ಅಲ್ಲಿ ದಪ್ಪ ಅಲ್ಯೂಮಿನಿಯಂ ತಟ್ಟೆ. ಬಂಡೆಯ ಅಂಚಿಗೆ ಹೊಟ್ಟೆ ತಾಗಿದರೆ ಜಾರಿಕೊಂಡು ಮುಂದೆ ಹೋಗಲಿ ಎಂದು.

ಇನ್ನರ್ಧ ಗುಟ್ಟು ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಮತ್ತು ಕ್ಲಚ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಡುಗರು ಎಲ್ಲಕ್ಕಿಂತ ಕಡಿಮೆ ಗಮನ ಕೊಡುವುದು ಇದಕ್ಕೇ.

ನಿಮ್ಮ ಅಜ್ಜಿ ರಾಗಿ ಬೀಸುವುದನ್ನು ನೋಡಿದ್ದೀರಾ? ಬೀಸುವ ಕಲ್ಲು ತಿರುಗಲು ಶುರುವಾಗುವಾಗ ಕೈಗೆ ಭಾರ. ಒಮ್ಮೆ ತಿರುಗಿತೆಂದರೆ ಕೈ ಸ್ವಲ್ಪ ಸಡಿಲ ಬಿಟ್ಟರೂ ಕಲ್ಲು ತನ್ನ ಪಾಡಿಗೆ ತಿರುಗುತ್ತದೆ. ಒಂದು ಹಿಡಿ ರಾಗಿ ಜಾಸ್ತಿ ಬಿದ್ದರೂ ನಿಲ್ಲುವುದಿಲ್ಲ. ಎಂಜಿನ್ನಿನ ಫ್ಲೈವೀಲ್ ಮಾಡುವುದೂ ಇದನ್ನೇ. ಅದು ಭಾರವಾಗಿದ್ದರೆ ತೀರಾ ಕಡಿಮೆ ಆರ್‌ಪಿಎಂನಲ್ಲೂ ಎಂಜಿನ್ ಸಾಯುವುದಿಲ್ಲ. ಚಕ್ರ ಕಲ್ಲಿಗೆ ಡಿಕ್ಕಿ ಹೊಡೆದರೂ ಉರುಳಿಕೊಂಡು ಮೇಲೆ ಹೋಗುತ್ತದೆ. ರೇಸ್ ಗಾಡಿಯಲ್ಲಿ ಫ್ಲೈವೀಲ್ ಕಡೆದು ಹಗುರ ಮಾಡುತ್ತಾರೆ. ಹೊಸೂರಿನ ಲೇತ್ ಅಂಗಡಿಗಳಲ್ಲಿ ಈ ಕೆಲಸಕ್ಕೆ ಬರುವ ಹುಡುಗರನ್ನು ತುಂಬಾ ನೋಡಿದ್ದೇನೆ. ನೀವು ಮಾತ್ರ ಅಲ್ಲಿಗೆ ಹೋಗಬೇಡಿ. ಟ್ರಯಲ್ಸ್‌ಗೆ ಬೇಕಾದದ್ದು ಅದರ ಉಲ್ಟಾ.

ಫ್ಲೈವೀಲ್‌ನಲ್ಲಿ ಕೂಡಿಟ್ಟ ಶಕ್ತಿ ಆರ್‌ಪಿಎಂ ಎರಡರಷ್ಟಾದರೆ ನಾಲ್ಕರಷ್ಟಾಗುತ್ತದೆ. ಸವಾರ ಏನು ಮಾಡುತ್ತಾನೆ ನೋಡಿ. ಬಂಡೆಯ ಮುಂದೆ ಬ್ರೇಕ್ ಹಿಡಿದು ನಿಲ್ಲುತ್ತಾನೆ. ಕ್ಲಚ್ ಒಂದೇ ಬೆರಳಲ್ಲಿ ಎಳೆದಿರುತ್ತಾನೆ. ಥ್ರಾಟಲ್ ಒಮ್ಮೆ ಏರಿಸುತ್ತಾನೆ, ಫ್ಲೈವೀಲ್ ತುಂಬಿಕೊಳ್ಳುತ್ತದೆ. ಬ್ರೇಕ್ ಬಿಟ್ಟು, ಕ್ಲಚ್ ಬಿಟ್ಟು, ಅದೇ ಕ್ಷಣದಲ್ಲಿ ಮೊಣಕಾಲು ನೆಟ್ಟಗೆ ಮಾಡುತ್ತಾನೆ. ತುಂಬಿದ ಶಕ್ತಿಯೆಲ್ಲ ಒಂದೇ ಏಟಿಗೆ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಆ ಕ್ಷಣಕ್ಕೆ ಎಂಜಿನ್ನಿನ ಕೆಲಸ ಸ್ವಲ್ಪವೇ, ಕೂಡಿಟ್ಟ ಗಂಟೇ ಅವನನ್ನು ಮೇಲೆ ಎತ್ತುವುದು. ಅದಕ್ಕೇ ಟ್ರಯಲ್ಸ್ ಗಾಡಿಯಲ್ಲಿ ಕ್ಲಚ್ ಅಂದರೆ ಪ್ರಾಣ. ದಿನವಿಡೀ ಅರ್ಧ ಹಿಡಿದು ಓಡಿಸಿದರೂ ಸುಡಬಾರದು. ಬಿಸಿಯಾದ ಮೇಲೂ ಹಿಡಿಯುವ ಜಾಗ ಬದಲಾಗಬಾರದು. ಕೇಬಲ್ ಹೋಗಿ ಹೈಡ್ರಾಲಿಕ್ ಬಂದದ್ದು ಅದಕ್ಕೆ. ಆಮೇಲೆ ಗ್ಯಾಸ್ ಗ್ಯಾಸ್ ಎಂಬ ಹೆಸರಿನ ಕಂಪನಿ 2002ರ ಪ್ರೊ ಮಾದರಿಯಲ್ಲಿ ಹಲವು ಸುರುಳಿ ಸ್ಪ್ರಿಂಗ್‌ಗಳ ಬದಲು ಕಾರಿನಲ್ಲಿರುವಂಥ, ತಟ್ಟೆಯ ಆಕಾರದ ಒಂದೇ ಡಯಾಫ್ರಾಮ್ ಸ್ಪ್ರಿಂಗ್ ತಂದಿತು. ಲಿವರ್ ಹೂವಿನಷ್ಟು ಹಗುರ, ಎಂಜಿನ್ ಕೂಡ ಸಣ್ಣದಾಯಿತು. ಟೂಲ್ ರೂಮಿನ ಕಣ್ಣಿನಿಂದ ನೋಡಿದರೆ ನನಗೆ ಅದು ತುಂಬಾ ಅಂದದ ಕೆಲಸ. ಭಾಗ ಕಡಿಮೆಯಾಯಿತು, ಕೆಲಸ ಹೆಚ್ಚಾಯಿತು.

ಟೈರ್ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ರಸ್ತೆಯ ಗಾಡಿಯಲ್ಲಿ ನಾವು 25, 30 ಪಿಎಸ್‌ಐ ಗಾಳಿ ಹೊಡೆಸುತ್ತೇವೆ. ಟ್ರಯಲ್ಸ್ ಗಾಡಿಯ ಹಿಂದಿನ ಟೈರಿನಲ್ಲಿ ಇರುವುದು 4ರಿಂದ 5 ಪಿಎಸ್‌ಐ. ಕೈಯಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಅಂಚೆಟ್ಟಿ ಕಡೆ ಆನೆ ಬಂಡೆ ಹತ್ತುವುದನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅಷ್ಟು ಭಾರದ ಪ್ರಾಣಿ ಜಾರುವುದಿಲ್ಲ. ಪಾದ ಮೆತ್ತಗೆ ಅಗಲವಾಗಿ ಕಲ್ಲಿನ ಉಬ್ಬು ತಗ್ಗಿನ ಮೇಲೆ ಹರಡಿಕೊಳ್ಳುತ್ತದೆ. ಈ ಟೈರೂ ಹಾಗೆಯೇ ಕಲ್ಲನ್ನು ಅಪ್ಪಿಕೊಳ್ಳುತ್ತದೆ. ಆದರೆ ಟ್ಯೂಬ್ ಇರುವ ಟೈರಿನಲ್ಲಿ ಇಷ್ಟು ಕಡಿಮೆ ಗಾಳಿ ಇಟ್ಟರೆ ಟೈರ್ ರಿಮ್ ಮೇಲೆ ಜಾರಿ ಟ್ಯೂಬಿನ ಕತ್ತು ಕಿತ್ತು ಬರುತ್ತದೆ. ಆದ್ದರಿಂದ ಎಂಬತ್ತರ ದಶಕದಲ್ಲಿ ಮಿಶೆಲಿನ್‌ನವರ ಟ್ಯೂಬ್‌ಲೆಸ್ ರೇಡಿಯಲ್ ಟೈರ್ ಬಂದಾಗ ಆಟವೇ ಬದಲಾಯಿತು. ಅಲ್ಲಿಯವರೆಗೆ ಯಾರೂ ಮುಟ್ಟದ ಬಂಡೆಗಳನ್ನು ಸೆಕ್ಷನ್ ಒಳಗೆ ತಂದರು. ನನ್ನ ಪ್ರಕಾರ ಈ ಕ್ರೀಡೆಯಲ್ಲಿ ಒಂದೇ ಒಂದು ಹೊಸತನವನ್ನು ಆರಿಸು ಎಂದರೆ ನಾನು ಟೈರನ್ನೇ ಆರಿಸುತ್ತೇನೆ. ಉಳಿದದ್ದೆಲ್ಲ ಆ ಹಿಡಿತವನ್ನು ಬಳಸಿಕೊಳ್ಳಲು ಬಂದದ್ದು.

ಸಸ್ಪೆನ್ಷನ್‌ನಲ್ಲೂ ಇದೇ ಕತೆ. ಮಿಕ್ ಆಂಡ್ರ್ಯೂಸ್ ಎಂಬ ಸವಾರ ಓಸಾ ಗಾಡಿಯಲ್ಲಿ ಮೂರು ಸಲ ಸ್ಕಾಟಿಷ್ ಗೆದ್ದು, 1974 ಮತ್ತು 75ರಲ್ಲಿ ಯಮಾಹಾ ಮೇಲೆ ಗೆದ್ದರು. ಅವರ ಜೊತೆ ಸೇರಿ ಯಮಾಹಾ ಹಿಂದಿನ ಎರಡು ಶಾಕ್‌ಗಳ ಬದಲು ನಡುವೆ ಒಂದೇ ಶಾಕ್ ಇಡುವ ಪ್ರಯೋಗ ಮಾಡಿತು. ಎಂಬತ್ತರ ದಶಕದ ನಡುವಿನಲ್ಲಿ ಅದೇ ಕಂಪನಿಯ ಮೊನೊಶಾಕ್ ಟಿವೈ ಗಾಡಿ ಸಾಮಾನ್ಯ ಸವಾರರ ಕೈಗೂ ಬಂತು. ಎರಡು ಶಾಕ್‌ನ ಗಾಡಿಗಳು ಒಂದೆರಡು ವರ್ಷದಲ್ಲೇ ಹಳತಾಗಿ ಹೋದವು. ಅದೇ ಹೊತ್ತಿಗೆ ಜೋರ್ಡಿ ತಾರೆಸ್ ಎಂಬ ಸ್ಪೇನಿನ ಹುಡುಗ ಬಂದ. ಅವನು ಮೊದಲು ಸೈಕಲ್ ಟ್ರಯಲ್ಸ್ ಆಡಿದವನು. ಸೈಕಲ್‌ನಲ್ಲಿ ಎಂಜಿನ್ ಇಲ್ಲ, ಕುಪ್ಪಳಿಸಿಯೇ ಹತ್ತಬೇಕು. ಆ ಕುಪ್ಪಳಿಕೆಯನ್ನು ಅವನು ಮೋಟಾರ್ ಸೈಕಲ್‌ಗೆ ತಂದ. 1987ರಿಂದ 1995ರ ನಡುವೆ ಏಳು ಸಲ ವಿಶ್ವ ಚಾಂಪಿಯನ್ ಆದ. ಶಾಕ್ ಅನ್ನು ಅದುಮಿ, ಅದು ವಾಪಸ್ ಬರುವ ಎಗರನ್ನು ಬಳಸುವ ಈ ಶೈಲಿಗೆ ತಕ್ಕಂತೆ ಕಂಪನಿಗಳು ಗಾಡಿಯನ್ನು ಬದಲಾಯಿಸಿದವು. ಸಾಮಾನ್ಯವಾಗಿ ಗಾಡಿ ಬದಲಾಗಿ ಸವಾರ ಕಲಿಯುತ್ತಾನೆ. ಇಲ್ಲಿ ಸವಾರ ಬದಲಾಗಿ ಗಾಡಿ ಕಲಿಯಿತು.

ಕುಪ್ಪಳಿಸಬೇಕಾದರೆ ಬ್ರೇಕ್ ಕಲ್ಲಿನ ಹಾಗೆ ಹಿಡಿಯಬೇಕು, ಅದೂ ಒಂದೇ ಬೆರಳಿಗೆ. ಡ್ರಮ್ ಬ್ರೇಕ್‌ಗೆ ಹಳ್ಳದ ನೀರು ಹೋದರೆ ಮುಗಿಯಿತು. ಹಾಗಾಗಿ ಡಿಸ್ಕ್ ಬಂತು. ವಾಟರ್ ಕೂಲಿಂಗ್ ಬಂದದ್ದಕ್ಕೂ ಕಾರಣ ಇದೆ. ರಸ್ತೆಯಲ್ಲಿ ಓಡುವಾಗ ಗಾಳಿ ಎಂಜಿನ್ ತಣ್ಣಗಿಡುತ್ತದೆ. ಇಲ್ಲಿ ಗಾಡಿ ನಿಂತೇ ಇರುತ್ತದೆ. ಎಂಜಿನ್ ಬಿಸಿಯಾದ ಹಾಗೆ ಅದರ ನಡವಳಿಕೆ ಬದಲಾಗುತ್ತದೆ, ಬೆಳಗ್ಗೆ ಹತ್ತಿದ ಬಂಡೆ ಮಧ್ಯಾಹ್ನ ಹತ್ತುವುದಿಲ್ಲ. ನೀರು ಮತ್ತು ಪುಟ್ಟ ಫ್ಯಾನ್ ಸೇರಿ ಬಿಸಿಯನ್ನು ಒಂದೇ ಮಟ್ಟದಲ್ಲಿ ಇಡುತ್ತವೆ. ಗೇರಿನಲ್ಲಿ ಕೆಳಗಿನವು ಒಂದಕ್ಕೊಂದು ಹತ್ತಿರ, ಮೇಲಿನವು ದೂರ. ಕೆಳಗಿನವು ಸೆಕ್ಷನ್‌ಗೆ, ಮೇಲಿನವು ಒಂದು ಸೆಕ್ಷನ್‌ನಿಂದ ಇನ್ನೊಂದಕ್ಕೆ ಹೋಗುವ ದಾರಿಗೆ.

ಟೂ ಸ್ಟ್ರೋಕಾ, ಫೋರ್ ಸ್ಟ್ರೋಕಾ ಎಂಬ ಜಗಳ ಇಲ್ಲೂ ಇದೆ. ಬೆಲ್ಜಿಯಂನ ಎಡ್ಡಿ ಲೆಜೂನ್ 1982, 83, 84ರಲ್ಲಿ ಹೋಂಡಾದ ಫೋರ್ ಸ್ಟ್ರೋಕ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಆಮೇಲೆ ಸುಮಾರು ಇಪ್ಪತ್ತು ವರ್ಷ ಟೂ ಸ್ಟ್ರೋಕ್‌ಗಳದೇ ರಾಜ್ಯ. ಅದಾಗಲೇ ಹೋಂಡಾ ಕೈ ಸೇರಿದ್ದ ಮೊಂಟೆಸಾ ಕಂಪನಿ 2005ರಲ್ಲಿ 4ಆರ್‌ಟಿ ಎಂಬ ಫೋರ್ ಸ್ಟ್ರೋಕ್ ತಂದಿತು. ಅದರಲ್ಲಿ ಫ್ಯೂಯೆಲ್ ಇಂಜೆಕ್ಷನ್ ಇದೆ, ಆದರೆ ಬ್ಯಾಟರಿ ಇಲ್ಲ. ನಮ್ಮ ಇವತ್ತಿನ ಬಿಎಸ್ 6 ಗಾಡಿಗಳಲ್ಲಿ ಬ್ಯಾಟರಿ ಪೂರ್ತಿ ಸತ್ತರೆ ಏನಾಗುತ್ತದೆ ಎಂದು ನಿಮಗೆ ಗೊತ್ತು. ಇಲ್ಲಿ ಒಂದು ಕಿಕ್ ಹೊಡೆದಾಗ ಹುಟ್ಟುವ ಕರೆಂಟೇ ಪೆಟ್ರೋಲ್ ಪಂಪನ್ನೂ ಕಂಪ್ಯೂಟರನ್ನೂ ಎಬ್ಬಿಸಬೇಕು. ಬ್ಯಾಟರಿಯ ಭಾರ ಉಳಿಸಲು ಇಷ್ಟು ಕಷ್ಟಪಟ್ಟರು. ಕಾರ್ಬುರೇಟರ್‌ಗೆ ಇನ್ನೊಂದು ತೊಂದರೆಯೂ ಇತ್ತು. ಗಾಡಿ ಗೋಡೆಗೆ ಒರಗಿಸಿದ ಏಣಿಯ ಹಾಗೆ ನಿಂತಾಗ ಬೌಲ್‌ನ ಪೆಟ್ರೋಲ್ ಒಂದೇ ಕಡೆ ಸೇರುತ್ತದೆ. ಇಂಜೆಕ್ಷನ್‌ಗೆ ಆ ಚಿಂತೆ ಇಲ್ಲ. ಟೋನಿ ಬೌ ಎಂಬ ಸವಾರ ಮೊಂಟೆಸಾದ ಫೋರ್ ಸ್ಟ್ರೋಕ್‌ನಲ್ಲೇ 2007ರಿಂದ 2024ರವರೆಗೆ ಒಂದು ವರ್ಷವೂ ಬಿಡದೆ ವಿಶ್ವ ಚಾಂಪಿಯನ್ ಆಗಿದ್ದಾರೆ. ನೀವು ನೋಡಿದ ವಿಡಿಯೊದಲ್ಲಿ ಇರುವವರು ಬಹುಶಃ ಅವರೇ. ಹಾಗೆಂದು ಟೂ ಸ್ಟ್ರೋಕ್ ಸತ್ತಿಲ್ಲ. ಹಗುರ, ರಿಪೇರಿ ಸುಲಭ. ಮಾರಾಟದಲ್ಲಿರುವ ಬಹಳಷ್ಟು ಟ್ರಯಲ್ಸ್ ಗಾಡಿಗಳು ಈಗಲೂ ಟೂ ಸ್ಟ್ರೋಕೇ.

ಇನ್ನು ಎಲೆಕ್ಟ್ರಿಕ್. ಇದು ನನಗೆ ತುಂಬಾ ಇಷ್ಟದ ವಿಷಯ. ನಮ್ಮ ಹೊಸೂರಿನಲ್ಲೇ 1980ರಲ್ಲಿ ಟಿವಿಎಸ್ 50 ತಯಾರಾಗಿ ಹೊರಬಂತು. ನಿಮ್ಮ ಅಪ್ಪನ ಸಮುರಾಯ್ ಕೂಡ ಇಲ್ಲಿಯದೇ. ಈಗ ಇದೇ ಕೃಷ್ಣಗಿರಿ ಜಿಲ್ಲೆಯಲ್ಲಿ ಏಥರ್, ಓಲಾ ಸ್ಕೂಟರ್‌ಗಳು ತಯಾರಾಗುತ್ತಿವೆ. ಐಟಿಐ ಕಲಿತ ನಿಮ್ಮಂಥವರು ಮೋಟಾರು, ಕಂಟ್ರೋಲರ್ ಎಲ್ಲ ಕೈಯಲ್ಲಿ ಮುಟ್ಟಿ ನೋಡುವ ಜಾಗ ಇದು. ಎಲೆಕ್ಟ್ರಿಕ್ ಮೋಟಾರಿಗೆ ನಿಂತಲ್ಲಿಂದಲೇ ಪೂರ್ತಿ ಟಾರ್ಕ್ (ತಿರುಗಿಸುವ ಬಲ) ಇರುತ್ತದೆ. ಹಾಗಾದರೆ ಬಂಡೆ ಹತ್ತಲು ಅದಕ್ಕಿಂತ ಒಳ್ಳೆಯದಿಲ್ಲ ಅನ್ನಿಸುತ್ತದೆ ಅಲ್ವಾ? ಕಂಪನಿಗಳಿಗೂ ಮೊದಲು ಹಾಗೇ ಅನ್ನಿಸಿತ್ತು. ಮಾಡಿ ನೋಡಿದಾಗ ಒಂದು ಕೊರತೆ ಕಂಡಿತು. ಮೋಟಾರು ನಿಂತಾಗ ಪೂರ್ತಿ ನಿಂತಿರುತ್ತದೆ. ಕೂಡಿಟ್ಟ ಗಂಟು ಇಲ್ಲ. ಬೀಸುವ ಕಲ್ಲು ಇಲ್ಲ. ಕ್ಲಚ್ ಬಿಟ್ಟು ಒಂದೇ ಏಟಿಗೆ ಎಗರುವ ಆ ಕಲೆಗೆ ಜಾಗವೇ ಇಲ್ಲ. ಹಾಗಾಗಿ 2018ರಲ್ಲಿ ಯಮಾಹಾ ತನ್ನ ಟಿವೈ-ಇ ಎಂಬ ಎಲೆಕ್ಟ್ರಿಕ್ ಗಾಡಿಗೆ ಬೇಕೆಂದೇ ಫ್ಲೈವೀಲನ್ನೂ ಕ್ಲಚ್ಚನ್ನೂ ಕೂರಿಸಿತು. ಫ್ರಾನ್ಸಿನ ಎಲೆಕ್ಟ್ರಿಕ್ ಮೋಷನ್ ಕಂಪನಿಯೂ ಕ್ಲಚ್ ಇರುವ ಮಾದರಿ ಮಾಡಿ, ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿ ತಿರುಗುವ ಹಾಗೆ ಮೋಟಾರನ್ನು ನಿಧಾನಕ್ಕೆ ತಿರುಗಿಸುತ್ತಲೇ ಇಡುವ ಏರ್ಪಾಟು ತಂದಿದೆ. ಸವಾರನಿಗೆ ಬೇಡವೆಂದು ತೆಗೆದದ್ದನ್ನು ಬೇಕೆಂದು ವಾಪಸ್ ತರಬೇಕಾಯಿತು. ಅಂತರರಾಷ್ಟ್ರೀಯ ಮೋಟಾರ್ ಸೈಕಲ್ ಒಕ್ಕೂಟ 2017ರಲ್ಲಿ ಎಲೆಕ್ಟ್ರಿಕ್ ಗಾಡಿಗಳಿಗೇ ಟ್ರಯಲ್-ಇ ಕಪ್ ಶುರು ಮಾಡಿತು. ಮೊದಲ ಕಪ್ ಗೆದ್ದವರು 1996ರ ವಿಶ್ವ ಚಾಂಪಿಯನ್ ಮಾರ್ಕ್ ಕೊಲೊಮೆರ್.

ನಮ್ಮ ಊರಿಗೆ ಎಲೆಕ್ಟ್ರಿಕ್ ಹೊಂದುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಸದ್ದಿಲ್ಲ. ಹೊಲದ ಪಕ್ಕ ಕಲಿತರೆ ಯಾರೂ ಬೈಯುವುದಿಲ್ಲ. ಬೆಲೆ ಮಾತ್ರ ಈಗ ನಮ್ಮ ಕೈಗೆ ಎಟುಕುವುದಿಲ್ಲ.

ನಿಮ್ಮ ಸಮುರಾಯ್‌ಗೆ ಬರೋಣ. ಅದು ನೂರು ಕೆ.ಜಿ. ಆಸುಪಾಸಿನ ಗಾಡಿ. ಅದನ್ನು ಟ್ರಯಲ್ಸ್ ಗಾಡಿ ಮಾಡಲು ಆಗುವುದಿಲ್ಲ. ಆದರೆ ಅದರಲ್ಲಿ ಟ್ರಯಲ್ಸ್ ಕಲಿಯಬಹುದು. ರಸ್ತೆಗೆ ನೋಂದಣಿಯಾದ ಗಾಡಿಯ ಮೂಲ ರೂಪವನ್ನು ಬದಲಾಯಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ, ಇದನ್ನು ಮರೆಯಬೇಡಿ. ಹಾಗಾಗಿ ವಾಪಸ್ ಜೋಡಿಸಬಹುದಾದ ಬದಲಾವಣೆಗಳನ್ನು ಮಾತ್ರ ಹೇಳುತ್ತೇನೆ. ಫ್ರೇಮ್ ಕೊಯ್ಯುವುದು, ಸ್ವಿಂಗ್ ಆರ್ಮ್ ಬೆಸುಗೆ ಹಾಕಿ ಉದ್ದ ಮಾಡುವುದು ಬೇಡವೇ ಬೇಡ. ನನ್ನ ಜೊತೆಗಾರನೊಬ್ಬ ಒಂದು ಅಂಗಡಿಯಲ್ಲಿ ಹಾಗೆ ಮಾಡಿಸಿದ್ದ. ಬೆಸುಗೆಯ ಪಕ್ಕದಲ್ಲೇ ಕಬ್ಬಿಣ ಬಿರುಕು ಬಿಟ್ಟು ಇಳಿಜಾರಿನಲ್ಲಿ ತುಂಡಾಯಿತು. ಅವನು ಇವತ್ತಿಗೂ ಕುಂಟುತ್ತಾನೆ.

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಲಾಭದ ಬದಲಾವಣೆ ಚೈನ್ ಸ್ಪ್ರಾಕೆಟ್. ಮುಂದೆ 14 ಹಲ್ಲು, ಹಿಂದೆ 42 ಹಲ್ಲು ಇದ್ದರೆ ಅನುಪಾತ 3. ಮುಂದೆ 12, ಹಿಂದೆ 54 ಮಾಡಿದರೆ 4.5. ಅಂದರೆ ಅದೇ ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಒಂದೂವರೆ ಪಟ್ಟು ಎಳೆತ. ವೇಗ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ, ಆಗಲಿ. ಇದು ಉದಾಹರಣೆಗೆ ಹೇಳಿದ ಲೆಕ್ಕ. ನಿಮ್ಮ ಗಾಡಿಯ ಹಲ್ಲು ಎಣಿಸಿ, ಚೈನ್ ಕವರಿಗೆ ಎಷ್ಟು ಹಿಡಿಯುತ್ತದೆ ಎಂದು ಅಳೆದು ನೋಡಿ. ಐಡ್ಲಿಂಗ್‌ನಲ್ಲಿ ಒಂದನೇ ಗೇರು ಹಾಕಿ ಕ್ಲಚ್ ಬಿಟ್ಟರೆ ಗಾಡಿ ನೀವು ನಡೆಯುವ ವೇಗದಲ್ಲಿ ಹೋಗಬೇಕು. ಅಲ್ಲಿಗೆ ಬಂದರೆ ಸಾಕು.

ಗಾಳಿ 14, 15 ಪಿಎಸ್‌ಐಗೆ ಇಳಿಸಿ. ಟ್ಯೂಬ್ ಇರುವುದರಿಂದ ಅದಕ್ಕಿಂತ ಕಡಿಮೆ ಬೇಡ. ರಸ್ತೆಗೆ ಬರುವ ಮೊದಲು ಕೈ ಪಂಪಿನಲ್ಲಿ ಮತ್ತೆ ತುಂಬಿ. ಟ್ರಯಲ್ಸ್ ಟೈರ್ 4.00-18 ಅಳತೆಯದು, ಚಕ್ರ 18 ಇಂಚೇ ಆದರೂ ನಿಮ್ಮ ಸ್ವಿಂಗ್ ಆರ್ಮ್ ಸಂದಿಗೆ ಹಿಡಿಯುವುದಿಲ್ಲ. ಸೀರೆ ಗಾರ್ಡ್, ಕ್ಯಾರಿಯರ್, ಲೆಗ್ ಗಾರ್ಡ್, ಕನ್ನಡಿ ಬಿಚ್ಚಿಟ್ಟು ಕಲಿಯಿರಿ. ರಸ್ತೆಗೆ ಬರುವಾಗ ಮತ್ತೆ ಹಾಕಿ. ಗಾಡಿ ಗಾಳಿಯಿಂದ ತಣ್ಣಗಾಗುವಂಥದು, ನಿಧಾನಕ್ಕೆ ಓಡಿಸಿದರೆ ಬೇಗ ಕಾಯುತ್ತದೆ. ಹತ್ತು ನಿಮಿಷ ಓಡಿಸಿದರೆ ಅಷ್ಟೇ ಹೊತ್ತು ಆಫ್ ಮಾಡಿ ನಿಲ್ಲಿಸಿ. ಆಯಿಲ್ ಕಡಿಮೆ ಮಾಡಬೇಡಿ, ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಜಾಗದ ವಿಷಯದಲ್ಲಿ ನಾನು ಕಟ್ಟುನಿಟ್ಟು. ಅಂಚೆಟ್ಟಿ, ಡೆಂಕಣಿಕೋಟೆ ಕಡೆಯ ಕಾಡಿನ ದೊಡ್ಡ ಭಾಗ 2014ರಿಂದ ಕಾವೇರಿ ಉತ್ತರ ವನ್ಯಜೀವಿಧಾಮ. ಅಲ್ಲಿಗೆ ಗಾಡಿ ತೆಗೆದುಕೊಂಡು ಹೋಗುವ ಮಾತೇ ಬೇಡ. ಆನೆಗೆ ಅದು ಮನೆ. ಶೂಲಗಿರಿ ಹತ್ತಿರದ ಮಲ್ಲಚಂದ್ರದ ಗುಡ್ಡದಲ್ಲಿ ಸಾವಿರಾರು ವರ್ಷ ಹಳೆಯ ಕಲ್ಲುಮನೆ ಸಮಾಧಿಗಳಿವೆ. ನಮ್ಮ ಸುತ್ತಿನ ಎಷ್ಟೋ ಬಂಡೆಗಳ ಪಕ್ಕದಲ್ಲಿ ವೀರಗಲ್ಲುಗಳಿವೆ. ಟೈರ್ ಉಜ್ಜಿದ ಗುರುತು ಕಲ್ಲಿನಿಂದ ಹೋಗುವುದಿಲ್ಲ. ನಿಮ್ಮದೇ ಹೊಲದ ಬದುವಿನಲ್ಲಿ ಎದ್ದಿರುವ ಮೊಣಕಾಲೆತ್ತರದ ಕಲ್ಲು ಒಂದು ವರ್ಷದ ಪಾಠಕ್ಕೆ ಬೇಕಾದಷ್ಟಾಯಿತು.

ಅದಕ್ಕೂ ಮೊದಲು ಕಣ. ರಾಗಿ ಒಕ್ಕಣೆ ಮುಗಿದು ಕಣ ಖಾಲಿ ಇರುವಾಗ ಎರಡು ಕಲ್ಲು ಇಡಿ, ನಡುವೆ ಹತ್ತು ಹೆಜ್ಜೆ ದೂರ. ಹೆಲ್ಮೆಟ್, ಗಟ್ಟಿ ಬೂಟು ಹಾಕಿಕೊಳ್ಳಿ. ಒಂದು ಕಿಲ್ ಸ್ವಿಚ್ ಕೂರಿಸಿ, ಅದರ ದಾರವನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಿ. ನೀವು ಬಿದ್ದರೆ ದಾರ ಕಿತ್ತು ಎಂಜಿನ್ ಆಫ್ ಆಗಬೇಕು. ಈಗ ಫುಟ್‌ರೆಸ್ಟ್ ಮೇಲೆ ನಿಂತು, ಒಂದನೇ ಗೇರಿನಲ್ಲಿ, ಎರಡು ಕಲ್ಲಿನ ಸುತ್ತ ಎಂಟರ ಆಕಾರದಲ್ಲಿ ಸುತ್ತಿ. ತಂಗಿಯನ್ನೋ ತಮ್ಮನನ್ನೋ ಪಕ್ಕದಲ್ಲಿ ಕೂರಿಸಿ, ಎಷ್ಟು ಸಲ ಕಾಲೂರಿದಿರಿ ಎಂದು ಎಣಿಸಲು ಹೇಳಿ. ಹತ್ತು ಸುತ್ತಿಗೆ ಸೊನ್ನೆ ಬಂದ ದಿನ ಕಲ್ಲುಗಳನ್ನು ಒಂದು ಹೆಜ್ಜೆ ಹತ್ತಿರ ತನ್ನಿ. ಆರು ಹೆಜ್ಜೆಗೆ ಬಂದಾಗ ಬದುವಿನ ಕಲ್ಲಿನ ಹತ್ತಿರ ಹೋಗಬಹುದು. ಅಲ್ಲಿ ಏನಾದರೂ ಸಿಕ್ಕಿಕೊಂಡರೆ ಮತ್ತೆ ಬರೆಯಿರಿ. ಸ್ಪ್ರಾಕೆಟ್ ಹಲ್ಲಿನ ಲೆಕ್ಕವನ್ನೂ ಜೊತೆಗೆ ಬರೆದು ಕಳಿಸಿ.